ಓಕ್ ಮರದ ಸಾಮಾನಿಗೆ ಬಣ್ಣದ ಎಣ್ಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಮರಗೆಲಸದ ಶೆಡ್ ಇದೆ. ಮೊದಲೆಲ್ಲ ಇಲ್ಲಿಗೆ ಬರುತ್ತಿದ್ದುದು ತೇಗ, ಹೊನ್ನೆ, ಹಲಸು, ಬೇವು. ಈಚೆಗೆ ನಂದಿ ಬೆಟ್ಟದ ಸುತ್ತ ತೋಟದ ಮನೆ ಕಟ್ಟಿಸಿದವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸಾದವರು ಓಕ್ ಮೇಜು, ಓಕ್ ಮಂಚ ತರುತ್ತಾರೆ. ಹೆಚ್ಚಿನವರದು ಒಂದೇ ಮಾತು: ಗಾಜಿನಂಥ ಹೊಳಪು ಬೇಡ, ಮರ ಮರದ ಹಾಗೇ ಕಾಣಬೇಕು, ಬಣ್ಣ ಮಾತ್ರ ಒಂಚೂರು ಬದಲಾಗಬೇಕು. ಅದಕ್ಕೆ ಹೇಳಿ ಮಾಡಿಸಿದ್ದು ಬಣ್ಣದ ಎಣ್ಣೆ. ಶೆಡ್ಡಿನ ಬಾಗಿಲಲ್ಲೂ ಫೋನಿನಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ, ಎಣ್ಣೆ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವ ವಿಷಯ ಇರುವ ಪ್ರಶ್ನೆಯೊಂದನ್ನಾದರೂ ಓದಿ, ಆಮೇಲೆ ಡಬ್ಬಿ ತೆರೆಯಿರಿ.

ಬಣ್ಣದ ಎಣ್ಣೆ ಅಂದರೆ ಏನು? ಪಾಲಿಶ್‌ಗೂ ಇದಕ್ಕೂ ಏನು ವ್ಯತ್ಯಾಸ?

ಪಿಯು (ಪಾಲಿಯುರೆಥೇನ್), ಮೆಲಮೈನ್, ವಾರ್ನಿಶ್ ಇವೆಲ್ಲ ಮರದ ಮೇಲೆ ಪೊರೆ ಕಟ್ಟುತ್ತವೆ. ಕೈಯಿಟ್ಟರೆ ನಿಮ್ಮ ಬೆರಳಿಗೆ ಸಿಗುವುದು ಆ ಪೊರೆ, ಮರವಲ್ಲ. ಎಣ್ಣೆ ಹಾಗಲ್ಲ, ಮೇಲ್ಮೈಯ ನಾರಿನೊಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಇಂಥ ಎಣ್ಣೆಗಳಲ್ಲಿ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಇರುತ್ತದೆ. ಹಾರ್ಡ್‌ವ್ಯಾಕ್ಸ್ ಎಣ್ಣೆಯಾದರೆ ಕಾರ್ನೌಬದಂಥ ಗಟ್ಟಿ ಮೇಣವೂ ಸೇರಿರುತ್ತದೆ.

ಬಣ್ಣ ಬರುವುದು ಪಿಗ್ಮೆಂಟ್‌ನಿಂದ, ಅಂದರೆ ಎಣ್ಣೆಯಲ್ಲಿ ಕರಗದ ನುಣ್ಣನೆಯ ಬಣ್ಣದ ಪುಡಿಯಿಂದ. ಕರಗದ ಪುಡಿ ಅನ್ನುವುದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು. ಪುಡಿ ಕೂರುವುದಕ್ಕೆ ಜಾಗ ಬೇಕು. ಮರದ ತೂತುಗಳಲ್ಲಿ, ಸ್ಯಾಂಡ್ ಪೇಪರ್ ಬಿಟ್ಟ ಸಣ್ಣ ಗೀರುಗಳಲ್ಲಿ ಅದು ಕೂರುತ್ತದೆ. ಜಾಗ ಇಲ್ಲದ ಕಡೆ ಒರೆಸಿದಾಗ ಬಟ್ಟೆಯ ಜೊತೆ ಬಂದುಬಿಡುತ್ತದೆ. ಹಾಗಾಗಿ ಈ ಕೆಲಸದಲ್ಲಿ ಬಣ್ಣವನ್ನು ನಿರ್ಧರಿಸುವುದು ಡಬ್ಬಿಯ ಮೇಲಿನ ಚೀಟಿಗಿಂತ ಹೆಚ್ಚಾಗಿ ನಿಮ್ಮ ಸ್ಯಾಂಡ್ ಪೇಪರ್ ಮತ್ತು ನೀವು ಒರೆಸುವ ಕೈ.

ನಮ್ಮ ತೋಟದ ಬದುವಿನಲ್ಲಿ ಸಿಲ್ವರ್ ಓಕ್ ಇದೆ. ಅದನ್ನೇ ಕೊಯ್ಸಿ ಮೇಜು ಮಾಡಿಸಿದೆ. ಅದೂ ಓಕ್ ತಾನೆ?

ಅಲ್ಲ. ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುವ ಪ್ರಶ್ನೆ ಇದು. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ, ಸಸ್ಯಶಾಸ್ತ್ರದ ಹೆಸರು ಗ್ರೆವಿಲಿಯ ರೊಬಸ್ಟ. ಕಾಫಿ ತೋಟಗಳಿಗೆ ನೆರಳಿಗೆಂದು ಬಂದದ್ದು ಈಗ ನಮ್ಮ ಬಯಲುಸೀಮೆಯ ಬದುಗಳಲ್ಲೂ ಸಾಲಾಗಿ ನಿಂತಿದೆ. ನಿಜವಾದ ಓಕ್ ಕ್ವೆರ್ಕಸ್ ಕುಲದ್ದು. ಹಿಮಾಲಯದ ಕಡೆ ಬೆಳೆಯುತ್ತದೆಯೇ ಹೊರತು ನಮ್ಮ ಜಿಲ್ಲೆಗಳಲ್ಲಿ ಇಲ್ಲ. ಇಲ್ಲಿಗೆ ಬರುವ ಓಕ್ ಹಲಗೆ ಅಮೆರಿಕ ಅಥವಾ ಯುರೋಪಿನಿಂದ ಆಮದಾದದ್ದು.

ಹೆಸರು ಹೇಗೆ ಬಂತು ಅಂದರೆ, ಎರಡರಲ್ಲೂ ಹಲಗೆಯ ಮೇಲೆ ಹೊಳೆಯುವ ಮಚ್ಚೆಗಳು ಕಾಣುತ್ತವೆ. ನೋಟದಲ್ಲಿ ಅಷ್ಟು ಹೋಲಿಕೆ ಇದೆ. ವ್ಯತ್ಯಾಸ ನೋಡಬೇಕಾದರೆ ಹಲಗೆಯ ಅಡ್ಡ ಕೊಯ್ತದ ತುದಿಯನ್ನು ಹರಿತವಾದ ಉಳಿಯಿಂದ ಒಂದು ಸಲ ಸವರಿ, ಬೆಳಕಿಗೆ ಹಿಡಿಯಿರಿ. ಓಕ್‌ನಲ್ಲಿ ಪ್ರತಿ ವರ್ಷದ ಬೆಳವಣಿಗೆಯ ಮೊದಲಲ್ಲಿ ದೊಡ್ಡ ತೂತುಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಸಿಲ್ವರ್ ಓಕ್‌ನಲ್ಲಿ ಅಂಥ ಸ್ಪಷ್ಟ ಸಾಲು ಸಿಗುವುದಿಲ್ಲ. ಕೈಗೆ ಹಗುರವಾಗಿಯೂ ಇರುತ್ತದೆ.

ಸಿಲ್ವರ್ ಓಕ್‌ಗೂ ಬಣ್ಣದ ಎಣ್ಣೆ ಹಚ್ಚಬಹುದು, ಚೆನ್ನಾಗಿಯೇ ಬರುತ್ತದೆ. ಆದರೆ ಮೆದು ಮರ, ಎಣ್ಣೆಯನ್ನು ಹೆಚ್ಚು ಕುಡಿಯುತ್ತದೆ. ಓಕ್‌ಗೆಂದು ಡಬ್ಬಿಯ ಮೇಲೆ ತೋರಿಸಿದ ಬಣ್ಣವನ್ನು ಇದರಲ್ಲಿ ನಿರೀಕ್ಷಿಸಬೇಡಿ. ಇನ್ನೊಂದು ಎಚ್ಚರಿಕೆ: ಸಿಲ್ವರ್ ಓಕ್‌ನ ಹೊಟ್ಟು ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ, ಗುಳ್ಳೆ ಬರುತ್ತದೆ. ಉಜ್ಜುವಾಗ ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಳ್ಳಿ.

ವೈಟ್ ಓಕ್, ರೆಡ್ ಓಕ್ ಎರಡಕ್ಕೂ ಒಂದೇ ರೀತಿ ಹಚ್ಚಬಹುದೇ?

ವಿಧಾನ ಒಂದೇ, ಫಲ ಬೇರೆ. ವೈಟ್ ಓಕ್‌ನ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ಮರದಲ್ಲಿ, ಕೊಳವೆಗಳ ಒಳಗೆ ಬೆಳವಣಿಗೆಯಾಗಿ ಬಾಯಿ ಕಟ್ಟಿಕೊಂಡಿರುತ್ತದೆ. ಪೀಪಾಯಿ ಮಾಡಲು ಅದನ್ನೇ ಆರಿಸುವುದು ಇದೇ ಕಾರಣಕ್ಕೆ. ರೆಡ್ ಓಕ್‌ನ ಕೊಳವೆಗಳು ತೆರೆದಿರುತ್ತವೆ. ಒಂದು ಸಣ್ಣ ತುಂಡಿನ ತುದಿಯನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಏಳುತ್ತದೆ. ಅದಕ್ಕೇ ರೆಡ್ ಓಕ್‌ನಲ್ಲಿ ಎಣ್ಣೆ ಒಳಗಿಳಿದು ಒಂದೆರಡು ಗಂಟೆಯ ಮೇಲೆ ತೂತುಗಳಿಂದ ಮತ್ತೆ ಉಕ್ಕಿ ಚುಕ್ಕೆಚುಕ್ಕೆಯಾಗಿ ನಿಲ್ಲುತ್ತದೆ. ಒರೆಸಿ ಮನೆಗೆ ಹೋದರೆ ಬೆಳಿಗ್ಗೆ ಅವು ಗಟ್ಟಿಯಾಗಿರುತ್ತವೆ. ರೆಡ್ ಓಕ್ ಹಚ್ಚಿದ ದಿನ ಗಂಟೆಗೊಮ್ಮೆ ಒಣ ಬಟ್ಟೆ ಹಿಡಿದು ನೋಡಿಕೊಳ್ಳಬೇಕು.

ಬಣ್ಣದ ಚೀಟಿಯಲ್ಲಿ ತೋರಿಸಿದ್ದೇ ಬರುತ್ತದೆಯೇ?

ಬರುವುದಿಲ್ಲ. ನಿಮ್ಮದೇ ಮೇಜಿನ ಮರದ ತುಂಡು ಬೇಕು, ಮೇಜಿಗೆ ಮಾಡಿದ ಹಾಗೇ ಉಜ್ಜಿರಬೇಕು, ಅದರ ಮೇಲೆ ಹಚ್ಚಿ ಒರೆಸಿ ಒಣಗಿಸಿ ನೋಡಬೇಕು. ತುಂಡು ಇಲ್ಲದಿದ್ದರೆ ಮೇಜಿನ ಅಡಿಭಾಗದಲ್ಲಿ ಒಂದು ಗೇಣು ಜಾಗ ಸಾಕು. ಸಂಜೆ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಬೆಳಿಗ್ಗೆ ಕಿಟಕಿಯ ಬಳಿ ನೋಡಿ. ಈ ಒಂದು ಹೆಜ್ಜೆಯನ್ನು ಬಿಟ್ಟವರ ಮೇಜುಗಳೇ ನನ್ನ ಶೆಡ್ಡಿಗೆ ಮರು ಕೆಲಸಕ್ಕೆ ಹೆಚ್ಚು ಬರುವುದು.

ಬಣ್ಣವಿಲ್ಲದ ಎಣ್ಣೆ ಹಚ್ಚಿದರೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿ ನೋಡಿ. ಹೆಚ್ಚುಕಡಿಮೆ ಅದೇ ಬಣ್ಣ. ಹಾಗಾಗಿ "ಏನೂ ಹಚ್ಚದ ಹಾಗೆ ಕಾಣಬೇಕು" ಅನ್ನುವವರಿಗೆ ಬಣ್ಣವಿಲ್ಲದ ಎಣ್ಣೆ ಸರಿಯಲ್ಲ, ಮರ ಒದ್ದೆಯಾದಂತೆ ಕಪ್ಪಾಗುತ್ತದೆ. ಅವರಿಗೆ ಬಿಳಿ ಪುಡಿ ಸ್ವಲ್ಪವೇ ಸೇರಿದ ಎಣ್ಣೆ ಬೇಕು.

ಎಷ್ಟು ನುಣುಪಾಗಿ ಉಜ್ಜಬೇಕು? ನಮ್ಮ ಆಚಾರಿ 320ರವರೆಗೆ ಉಜ್ಜಿದ್ದಾರೆ.

ಸ್ಯಾಂಡ್ ಪೇಪರಿನ ನಂಬರು ಹೆಚ್ಚಿದಷ್ಟೂ ಮರ ನುಣುಪಾಗುತ್ತದೆ. ಆಚಾರಿಯವರು ಶ್ರಮಪಟ್ಟಿದ್ದಾರೆ, ಅದು ಪಿಯುಗೆ ಸರಿ. ಬಣ್ಣದ ಎಣ್ಣೆಗೆ ಅಷ್ಟು ನುಣುಪು ಕೆಡುಕು. 320ರಲ್ಲಿ ಉಜ್ಜಿದರೆ ಪುಡಿ ಕೂರಲು ಗೀರೇ ಉಳಿಯುವುದಿಲ್ಲ, ಬಣ್ಣ ತೆಳುವಾಗಿ ಹೋಗುತ್ತದೆ. ನಾನು 80, 100, 120 ಮಾಡಿ 150ಕ್ಕೆ ನಿಲ್ಲಿಸುತ್ತೇನೆ. ಗಾಢ ಬಣ್ಣ ಬೇಕೆಂದರೆ 120ಕ್ಕೇ ನಿಲ್ಲಿಸುವುದುಂಟು. ಮಧ್ಯದ ಒಂದು ನಂಬರನ್ನೂ ಹಾರಿಸಬೇಡಿ. 80ರ ಗೀರು 150ರ ಕೆಳಗೆ ಅಡಗಿ ಕೂತಿದ್ದು, ಬಣ್ಣ ಹಚ್ಚಿದ ಕೂಡಲೇ ಎದ್ದು ಕಾಣುತ್ತದೆ.

ಮೆಷಿನ್ನಿನಲ್ಲಿ ಉಜ್ಜಿದರೆ ಸುರುಳಿ ಗೀರು ಉಳಿಯುತ್ತದೆ. ಕೊನೆಯ ನಂಬರಿನಲ್ಲಿ ಒಂದು ಮರದ ತುಂಡಿಗೆ ಪೇಪರ್ ಸುತ್ತಿ, ಎಳೆಯ ಉದ್ದಕ್ಕೆ ಕೈಯಿಂದಲೇ ಉಜ್ಜಿ ಮುಗಿಸಿ. ಮೇಜಿನ ತುದಿಯ ಅಡ್ಡ ಕೊಯ್ತ ಮಾತ್ರ ಬೇರೆ ಲೆಕ್ಕ. ಅಲ್ಲಿ ಕೊಳವೆಗಳ ಬಾಯಿ ಮೇಲಕ್ಕಿದ್ದು ಎಣ್ಣೆ ಹೀರಿ ಕಪ್ಪಾಗುತ್ತದೆ. ಆ ತುದಿಯನ್ನು 220 ಅಥವಾ 240ರವರೆಗೆ ಒಯ್ಯಿರಿ, ಮೇಲ್ಭಾಗದ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ.

ಫೆವಿಕಾಲ್ ಹೊರಗೆ ಉಕ್ಕಿ ಒಣಗಿದ ಜಾಗಗಳನ್ನು ಈ ಹಂತದಲ್ಲೇ ಕೆರೆದು ತೆಗೆಯಬೇಕು. ಗೋಂದು ಇದ್ದ ಕಡೆ ಎಣ್ಣೆ ಇಳಿಯುವುದಿಲ್ಲ, ಜೋಡಣೆಯ ಪಕ್ಕದಲ್ಲಿ ಬಿಳಿ ತೇಪೆ ಉಳಿಯುತ್ತದೆ.

ಉಜ್ಜಿದ ಮೇಲೆ ಬೋರ್‌ವೆಲ್ ನೀರಿನಲ್ಲಿ ಒರೆಸಿದೆ. ಅಲ್ಲಲ್ಲಿ ನೀಲಿ-ಕಪ್ಪು ಕಲೆ ಬಂದಿದೆ. ಬೂಷ್ಟೇ?

ಬೂಷ್ಟಲ್ಲ, ಕಬ್ಬಿಣ. ಓಕ್‌ನಲ್ಲಿ ಚೊಗರು ತುಂಬಾ ಇದೆ. ತುಮಕೂರಿನ ಕಡೆ ಅಡಿಕೆ ಬೇಯಿಸುವವರಿಗೆ ಚೊಗರು ಅಂದರೆ ಏನೆಂದು ನಾನು ಹೇಳಬೇಕಾಗಿಲ್ಲ, ಇಂಗ್ಲಿಷಿನವರು ಟ್ಯಾನಿನ್ ಅನ್ನುವುದು ಅದನ್ನೇ. ಬಾಳೆಹೂವು ಹೆಚ್ಚಿದಾಗ ಕಬ್ಬಿಣದ ಈಳಿಗೆಮಣೆ ಕಪ್ಪಾಗುತ್ತದಲ್ಲ, ಅದೇ ಕ್ರಿಯೆ ಇಲ್ಲೂ ನಡೆಯುತ್ತದೆ. ಚೊಗರಿಗೆ ನೀರು ಮತ್ತು ಕಬ್ಬಿಣ ಒಟ್ಟಿಗೆ ಸಿಕ್ಕರೆ ಶಾಯಿ ಹುಟ್ಟುತ್ತದೆ. ಹಳೆಯ ಕಾಲದಲ್ಲಿ ಬರೆಯುವ ಶಾಯಿಯನ್ನೇ ಹೀಗೆ ಮಾಡುತ್ತಿದ್ದರು.

ನಮ್ಮ ಕಡೆಯ ಜಿಲ್ಲೆಗಳಲ್ಲಿ ನೀರು ಆಳದ್ದು, ಗಡಸು. ತುಕ್ಕು ಹಿಡಿದ ಪೈಪಿನಲ್ಲಿ ಬಂದರೆ ಕಬ್ಬಿಣವೂ ಸೇರುತ್ತದೆ. ಓಕ್‌ಗೆ ಮುಟ್ಟಿಸುವ ನೀರು ಶುದ್ಧ ಕುಡಿಯುವ ನೀರಿನ ಘಟಕದ್ದೋ ಮನೆಯ ಫಿಲ್ಟರಿನದೋ ಆಗಿರಲಿ, ಪ್ಲಾಸ್ಟಿಕ್ ಬೋಗುಣಿಯಲ್ಲಿ ಇರಲಿ. ಓಕ್ ಕೆಲಸದಲ್ಲಿ ಸ್ಟೀಲ್ ವುಲ್ ಹತ್ತಿರಕ್ಕೂ ತರಬೇಡಿ. ಅದರ ಎಳೆಗಳು ಮುರಿದು ತೂತಿನಲ್ಲಿ ಸಿಕ್ಕಿಕೊಂಡು, ಮೊದಲ ಸಲ ನೀರು ಬಿದ್ದಾಗ ಮೇಜಿನ ತುಂಬ ಕಪ್ಪು ಚುಕ್ಕೆ ಏಳುತ್ತವೆ. ಕಬ್ಬಿಣದ ಮೊಳೆಯ ಬದಲು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ.

ಬಂದಿರುವ ಕಲೆ ತೆಗೆಯಲು ಆಕ್ಸಾಲಿಕ್ ಆಸಿಡ್ ಬೇಕು. ಹರಳಿನ ರೂಪದಲ್ಲಿ ಸಿಗುತ್ತದೆ. ಬಿಸಿನೀರಿನಲ್ಲಿ ಕರಗಿಸಿ, ಕಲೆಗೆ ಮಾತ್ರ ಅಲ್ಲ, ಹಲಗೆ ಪೂರ್ತಿ ಬ್ರಷ್‌ನಿಂದ ಹಚ್ಚಿ, ಕಲೆ ಮಾಸಿದ ಮೇಲೆ ಶುದ್ಧ ನೀರಿನಲ್ಲಿ ಎರಡು ಮೂರು ಸಲ ಒರೆಸಿ. ಇದು ವಿಷ. ಕೈಗವಸು ಬೇಕು, ಕಣ್ಣಿಗೆ ಕನ್ನಡಕ ಬೇಕು. ಒಣಗಿದ ಪುಡಿಯನ್ನು ಉಜ್ಜಿ ಗಾಳಿಗೆ ಎಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಿ ಉಳಿದ ಹರಳನ್ನು ಇಡಲೇಬಾರದು.

ಕಾವಿ ಬಣ್ಣದ ಪುಡಿಯಲ್ಲೂ ಕಬ್ಬಿಣ ಇದೆಯಲ್ಲ? ಅದು ಓಕ್ ಅನ್ನು ಕಪ್ಪು ಮಾಡುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಗೌರಿಬಿದನೂರಿನ ಒಬ್ಬ ಮೇಷ್ಟ್ರು ಕೇಳಿದ್ದು. ಕಾವಿಯೂ ನಮ್ಮ ಕೆಮ್ಮಣ್ಣಿನ ಬಣ್ಣವೂ ಐರನ್ ಆಕ್ಸೈಡ್‌ನಿಂದಲೇ ಬಂದದ್ದು. ಬಣ್ಣದ ಎಣ್ಣೆಯ ಕೆಂಪು, ಹಳದಿ, ಕಂದುಗಳಲ್ಲಿ ಬಹಳಷ್ಟು ಇದೇ. ಆದರೆ ಅದು ಈಗಾಗಲೇ ಪೂರ್ತಿ ತುಕ್ಕಾಗಿ ನಿಂತ ಕಬ್ಬಿಣ, ನೀರಿನಲ್ಲಿ ಕರಗದು, ಜೊತೆಗೆ ಪ್ರತಿ ಕಣದ ಸುತ್ತ ಎಣ್ಣೆ ಇರುತ್ತದೆ. ಚೊಗರಿನ ಜೊತೆ ಸೇರಿ ಶಾಯಿಯಾಗುವುದು ಕರಗಿದ ಕಬ್ಬಿಣ. ಹಾಗಾಗಿ ಭಯವಿಲ್ಲ. ಇನ್ನೊಂದು ಲಾಭವೂ ಇದೆ: ಈ ಪುಡಿಗಳು ಬಿಸಿಲಿಗೆ ಸುಲಭಕ್ಕೆ ಮಾಸುವುದಿಲ್ಲ.

ಹಚ್ಚುವ ಕ್ರಮ ಹೇಳಿ.

ಮೊದಲು ಧೂಳು. ಬಟ್ಟೆಯಿಂದ ಒರೆಸಿದರೆ ಸಾಲದು, ಓಕ್‌ನ ತೂತುಗಳಲ್ಲಿ ಹೊಟ್ಟು ಮೆತ್ತಿಕೊಂಡಿರುತ್ತದೆ. ಎಳೆಯ ಉದ್ದಕ್ಕೆ ಬ್ರಷ್ ಹಾಕುತ್ತಾ ವ್ಯಾಕ್ಯೂಮ್ ಹಿಡಿಯಿರಿ. ತೂತು ಖಾಲಿಯಾದರೆ ತಾನೆ ಬಣ್ಣ ಅಲ್ಲಿ ಕೂರುವುದು.

ಡಬ್ಬಿಯನ್ನು ಕಲಕಿ. ಪುಡಿ ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಚಪ್ಪಟೆ ಕಡ್ಡಿಯಿಂದ ತಳ ಕೆರೆದು, ಕಡ್ಡಿಗೆ ಗಂಟು ಹತ್ತದ ತನಕ ಕಲಕಿ. ಮಧ್ಯೆ ಮಧ್ಯೆ ಮತ್ತೆ ಕಲಕಿ. ಎರಡು ಡಬ್ಬಿ ತಂದಿದ್ದರೆ ಎರಡನ್ನೂ ಒಂದೇ ಪಾತ್ರೆಗೆ ಸುರಿದು ಬೆರೆಸಿಕೊಳ್ಳಿ, ಇಲ್ಲದಿದ್ದರೆ ಅರ್ಧ ಮೇಜು ಒಂದು ಬಣ್ಣ, ಇನ್ನರ್ಧ ಇನ್ನೊಂದು.

ಸ್ವಲ್ಪವೇ ಎಣ್ಣೆ ಹಾಕಿ, ಬಿಳಿ ಪ್ಯಾಡ್‌ನಿಂದಲೋ ಹಳೇ ಬನಿಯನ್ ಬಟ್ಟೆಯಿಂದಲೋ ದುಂಡಗೆ ತಿರುಗಿಸಿ ತೂತುಗಳಿಗೆ ತಿಕ್ಕಿ, ಆಮೇಲೆ ಎಳೆಯ ಉದ್ದಕ್ಕೆ ಎಳೆಯಿರಿ. ಮೇಜಿನ ಮೇಲ್ಭಾಗವನ್ನು ಒಂದೇ ಉಸಿರಿಗೆ ಮುಗಿಸಬೇಕು. ಅರ್ಧಕ್ಕೆ ಬಿಟ್ಟು ಕಾಫಿ ಕುಡಿದು ಬಂದರೆ ಅಲ್ಲೊಂದು ಗೆರೆ ಬೀಳುತ್ತದೆ, ಅದು ಹೋಗುವುದಿಲ್ಲ. ಹಲಗೆಯ ಜೋಡಣೆಯ ಗೆರೆಯಲ್ಲೋ ಅಂಚಿನಲ್ಲೋ ಮಾತ್ರ ನಿಲ್ಲಿಸಿ.

ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 10-15 ನಿಮಿಷ ಬಿಟ್ಟು ಒರೆಸಿ. ಇಲ್ಲಿ ದಯವಿಟ್ಟು ಕೈ ಬಿಗಿಹಿಡಿಯಬೇಡಿ. ಮೇಲ್ಮೈಯಲ್ಲಿ ಉಳಿದದ್ದೆಲ್ಲ ಬರಬೇಕು. ಬಟ್ಟೆ ಬದಲಿಸುತ್ತಾ, ಕೊನೆಯ ಬಟ್ಟೆಗೆ ಬಣ್ಣ ಹತ್ತದ ತನಕ ಒರೆಸಿ. ಕಷ್ಟಪಟ್ಟು ಹಚ್ಚಿದ್ದನ್ನು ತೆಗೆಯಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಮರದೊಳಗೆ ಇಳಿದದ್ದು ನಿಮ್ಮದು, ಮೇಲೆ ನಿಂತದ್ದು ನಾಳೆ ಅಂಟಾಗುತ್ತದೆ.

ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ನಮ್ಮಲ್ಲಿ ಎಣ್ಣೆ ಬೇಗ ಬಿಗಿಯುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಏಳೂವರೆಗೇ ಶುರು ಮಾಡಿ. ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ ಕೆಲಸವೇ ಬೇಡ.

ಎಳೆಗಳು ಕಪ್ಪು, ಮಧ್ಯದ ಮಚ್ಚೆಗಳು ತೆಳು ಬಣ್ಣ. ಒಂದೇ ಸಮ ಬರಲಿಲ್ಲವಲ್ಲ?

ಅದು ತಪ್ಪಲ್ಲ, ಓಕ್‌ನ ಗುಣವೇ ಅದು. ತೂತುಗಳ ಸಾಲಿನಲ್ಲಿ ಪುಡಿ ತುಂಬಿ ಎಳೆ ಎದ್ದು ಕಾಣುತ್ತದೆ. ಹೊಳೆಯುವ ಮಚ್ಚೆಗಳು ಗಟ್ಟಿ, ನುಣುಪು, ಅಲ್ಲಿ ಪುಡಿ ನಿಲ್ಲುವುದಿಲ್ಲ. ಒಂದೇ ಸಮ ಬಣ್ಣ ಬೇಕಾದರೆ ಪೇಂಟ್ ಹೊಡೆಸಬೇಕು. ಇಷ್ಟು ದುಡ್ಡು ಕೊಟ್ಟು ತಂದ ಓಕ್‌ಗೆ ಹಾಗೆ ಮಾಡಿ ಎಂದು ನನ್ನ ಬಾಯಲ್ಲಿ ಬರುವುದಿಲ್ಲ.

ಎಷ್ಟು ಎಣ್ಣೆ ತರಬೇಕು?

ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. 6 ಅಡಿ ಉದ್ದ 3 ಅಡಿ ಅಗಲದ ಊಟದ ಮೇಜು ಅಂದರೆ 18 ಚದರ ಅಡಿ, ಸುಮಾರು 1.7 ಚದರ ಮೀಟರ್. ಲೀಟರಿಗೆ 24 ಚದರ ಮೀಟರ್ ಎಂದು ಬರೆದಿರುವ ಎಣ್ಣೆಯಾದರೆ ಒಂದು ಸಲ ಹಚ್ಚಲು 70 ಮಿಲಿ ಸಾಕು. ಕಾಲುಗಳು, ಅಡಿಭಾಗ, ಮಾದರಿ ತುಂಡು ಎಲ್ಲ ಸೇರಿಸಿದರೂ ಚಿಕ್ಕ ಡಬ್ಬಿ ಮಿಗುತ್ತದೆ. ನೋಡಲು ಬೆಲೆ ಹೆಚ್ಚು ಅನ್ನಿಸುವುದು ಲೀಟರಿನ ಲೆಕ್ಕದಲ್ಲಿ, ಮೇಜಿನ ಲೆಕ್ಕದಲ್ಲಿ ಅಲ್ಲ.

ಇನ್ನೂ ಗಾಢವಾಗಲಿ ಎಂದು ಎರಡು ಮೂರು ಕೋಟು ಹಚ್ಚಬಹುದೇ?

ಒಂದೇ ಕೋಟಿನ ಎಣ್ಣೆ ಎಂದು ಮಾರುವುದಕ್ಕೆ ಎರಡನೆಯದು ಬೇಡವೇ ಬೇಡ. ಹಾರ್ಡ್‌ವ್ಯಾಕ್ಸ್ ಎಣ್ಣೆಯಾದರೆ ಮೊದಲನೆಯದು ಬಣ್ಣದ್ದು, ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ಬಣ್ಣವಿಲ್ಲದ್ದು. ಬಣ್ಣದ ಮೇಲೆ ಬಣ್ಣ ಪೇರಿಸಿದರೆ ಪುಡಿಯನ್ನು ಹಿಡಿದಿಡುವಷ್ಟು ಎಣ್ಣೆ ಇರುವುದಿಲ್ಲ, ಪುಡಿ ಮೇಲೆ ಸಡಿಲವಾಗಿ ನಿಲ್ಲುತ್ತದೆ. ಮದುವೆ ಮನೆಗೆಂದು ಬಿಳಿ ಪಂಚೆ ಉಟ್ಟು ಬಂದವರು ಆ ಕುರ್ಚಿಯಲ್ಲಿ ಕೂತು ಎದ್ದರೆ ಏನಾಗುತ್ತದೆ ಎಂದು ಯೋಚಿಸಿ. ಕುರ್ಚಿಗಳನ್ನು ಮನೆಗೆ ಕಳಿಸುವ ಮೊದಲು ನಾನು ಬಿಳಿ ಬಟ್ಟೆಯಿಂದ ಒತ್ತಿ ಉಜ್ಜಿ ನೋಡಿಯೇ ಕಳಿಸುವುದು.

ಗಾಢ ಬೇಕೆಂದರೆ ಬೇರೆ ದಾರಿ ಇದೆ. ಉಜ್ಜಿ ಮುಗಿದ ಮೇಲೆ ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಹಲಗೆಯನ್ನು ಒಂದೇ ಸಮ ಒರೆಸಿ, ಪೂರ್ತಿ ಒಣಗಲು ಬಿಡಿ. ನಾರು ಎದ್ದು ನಿಲ್ಲುತ್ತದೆ. ಅದನ್ನು ಮತ್ತೆ ಉಜ್ಜದೆ ಎಣ್ಣೆ ಹಚ್ಚಿದರೆ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ. ಇದನ್ನೂ ಮೊದಲು ತುಂಡಿನ ಮೇಲೆ ಮಾಡಿ ನೋಡಿ.

ಎಣ್ಣೆ ಒರೆಸಿದ ಬಟ್ಟೆಗೆ ತಾನಾಗಿ ಬೆಂಕಿ ಹತ್ತುತ್ತದೆ ಅನ್ನುವುದು ನಿಜವೇ?

ನಿಜ. ಈ ಪುಟದಲ್ಲಿ ಇದಕ್ಕಿಂತ ಮುಖ್ಯವಾದ ಉತ್ತರ ಇನ್ನೊಂದಿಲ್ಲ.

ಅಗಸೆ ಎಣ್ಣೆ ಒಣಗುವುದು ನೀರಿನ ಹಾಗೆ ಆವಿಯಾಗಿ ಅಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಮೇಜಿನ ಮೇಲೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗಿನ ಶಾಖಕ್ಕೆ ದಾರಿಯಿಲ್ಲ. ಏರುತ್ತಾ ಏರುತ್ತಾ ಕೆಲವೇ ಗಂಟೆಗಳಲ್ಲಿ ಬಟ್ಟೆ ಹೊತ್ತಿಕೊಳ್ಳಬಹುದು. ಕಿಡಿ ಬೇಕಿಲ್ಲ, ಬೀಡಿ ಬೇಕಿಲ್ಲ.

1991ರ ಫೆಬ್ರುವರಿ 23ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿತ್ತು. 22ನೇ ಮಹಡಿಯಲ್ಲಿ ಮರದ ಹಲಗೆಗಳಿಗೆ ಹೊಸದಾಗಿ ಪಾಲಿಶ್ ಮಾಡುತ್ತಿದ್ದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಶುರುವಾದದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ನಮ್ಮ ಶೆಡ್ಡಿನಲ್ಲೂ ಒಂದು ಏಪ್ರಿಲ್‌ನಲ್ಲಿ ಹೀಗೇ ಆಗುವುದರಲ್ಲಿತ್ತು. ಕೆಲಸ ಮುಗಿಸಿ ಬಟ್ಟೆಗಳನ್ನು ಹೊಟ್ಟಿನ ಚೀಲದ ಮೇಲೆ ಇಟ್ಟವನು ನಾನೇ. ಊಟ ಮಾಡಿ ಬಂದಾಗ ಸುಟ್ಟ ವಾಸನೆ, ಚೀಲದಿಂದ ಹೊಗೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಇನ್ನರ್ಧ ಗಂಟೆ ತಡವಾಗಿದ್ದರೆ ಶೆಡ್ ಉಳಿಯುತ್ತಿರಲಿಲ್ಲ. ಅಂದಿನಿಂದ ಬಾಗಿಲ ಹೊರಗೆ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿ ಇಟ್ಟಿದ್ದೇನೆ. ಬಟ್ಟೆ, ಪ್ಯಾಡ್, ಎಣ್ಣೆ ಹತ್ತಿದ ಸ್ಯಾಂಡ್ ಪೇಪರ್ ಎಲ್ಲ ಕೈಯಿಂದ ನೇರ ಅದಕ್ಕೆ. ಡಬ್ಬಿ ಇಲ್ಲದವರು ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಮನೆಯ ಹೊರಗೆ ತಂತಿಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಕಾಗದದಂತೆ ಬಿರುಸಾದ ಮೇಲೆ ಎಸೆಯಬಹುದು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡಬೇಡಿ, ಪೌರಕಾರ್ಮಿಕರ ಗಾಡಿಯಲ್ಲಿ ಹೊತ್ತಿಕೊಂಡರೆ ಆ ಪಾಪ ನಮ್ಮದು.

ಒಣಗಲು ಎಷ್ಟು ದಿನ? ಮಳೆಗಾಲದಲ್ಲಿ ಹಚ್ಚಬಹುದೇ?

ಮುಟ್ಟಿದರೆ ಅಂಟದಷ್ಟು ಒಣಗಲು ಸಾಮಾನ್ಯವಾಗಿ ಅರ್ಧದಿಂದ ಒಂದು ದಿನ. ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ. ಮೊದಲ ವಾರ ನೀರು ಬೀಳಬಾರದು, ಮೇಲೆ ಪ್ಲಾಸ್ಟಿಕ್ ಹೊದಿಸಬಾರದು. ಗಾಳಿ ಇಲ್ಲದೆ ಎಣ್ಣೆ ಒಣಗುವುದಿಲ್ಲ.

ನಮ್ಮಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆಗ ಹಚ್ಚಬಹುದು, ಸಮಯ ಒಂದೂವರೆ ಎರಡು ಪಟ್ಟು ಹಿಡಿಯುತ್ತದೆ. ದಸರಾಕ್ಕೆ ಬೇಕು ಎಂದು ಒಂದು ವಾರ ಮೊದಲು ತಂದುಕೊಟ್ಟರೆ ನಾನು ಒಪ್ಪುವುದಿಲ್ಲ. ಡಿಸೆಂಬರಿನ ಚಳಿಯ ಬೆಳಿಗ್ಗೆಯಲ್ಲೂ ನಿಧಾನ. ನನ್ನ ಮಟ್ಟಿಗೆ ನವೆಂಬರ್ ಕೊನೆಯೂ ಫೆಬ್ರುವರಿಯೂ ಒಳ್ಳೆಯ ಕಾಲ. ಫೆಬ್ರುವರಿಯಲ್ಲಿ ಧೂಳು ಮಾತ್ರ ಜಾಸ್ತಿ. ಕ್ರಷರ್ ಲಾರಿಗಳು ಓಡಾಡುವ ರಸ್ತೆ ಪಕ್ಕದವರು ಹಿಂದಿನ ರಾತ್ರಿ ನೆಲಕ್ಕೆ ನೀರು ಚಿಮುಕಿಸಿ, ರಸ್ತೆ ಕಡೆಯ ಬಾಗಿಲು ಮುಚ್ಚಿ, ಹಿತ್ತಲ ಕಿಟಕಿ ತೆಗೆದಿಡಿ.

ಹೊಂಗೆ ಎಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆ ಮನೆಯಲ್ಲೇ ಇದೆ. ಅದರಲ್ಲಿ ಬಣ್ಣ ಬೆರೆಸಬಹುದೇ?

ಬೇಡ. ಇವು ಒಣಗುವ ಎಣ್ಣೆಗಳಲ್ಲ, ವರ್ಷವಾದರೂ ಜಿಡ್ಡಾಗಿಯೇ ಇರುತ್ತವೆ. ಕಡಲೆಕಾಯಿ ಎಣ್ಣೆಯೂ ಅಷ್ಟೇ. ಹುಚ್ಚೆಳ್ಳಿನ ಎಣ್ಣೆ ಅರ್ಧಂಬರ್ಧ ಒಣಗುವ ಜಾತಿಯದು, ಪೀಠೋಪಕರಣಕ್ಕೆ ಸಾಲದು.

ಹಾಗಾದರೆ ಮನೆಯಲ್ಲೇ ತಯಾರಿಸಿಕೊಳ್ಳುವ ದಾರಿಯೇ ಇಲ್ಲವೇ?

ಇದೆ. ಚಿತ್ರ ಬರೆಯುವವರು ಬಳಸುವ ಟ್ಯೂಬಿನ ಎಣ್ಣೆ ಬಣ್ಣ ಅಂದರೆ ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ ಅರೆದ ಪಿಗ್ಮೆಂಟ್. ಕುದಿಸಿದ್ದು ಎಂದು ಮಾರುವ, ಬೇಗ ಒಣಗುವಂತೆ ಡ್ರೈಯರ್ ಸೇರಿಸಿದ ಅಗಸೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು ತೆಗೆದುಕೊಂಡು, 100 ಮಿಲಿಗೆ ಒಂದು ಟೀ ಚಮಚದಷ್ಟು ಬಣ್ಣದಿಂದ ಶುರು ಮಾಡಿ. ಬಣ್ಣವನ್ನು ಮೊದಲು ಸ್ವಲ್ಪ ಟರ್ಪೆಂಟೈನ್‌ನಲ್ಲಿ ಕದಡಿ ಆಮೇಲೆ ಎಣ್ಣೆಗೆ ಸೇರಿಸಿದರೆ ಗಂಟಾಗುವುದಿಲ್ಲ. ಅಂಬರ್ ಎಂಬ ಕಂದು ಬಣ್ಣದಲ್ಲಿ ಸಹಜವಾಗಿಯೇ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಕಾಡಿಗೆಯಂಥ ಕಪ್ಪು ನಿಧಾನ. ಗೋಡೆ ಬಣ್ಣಕ್ಕೆ ಹಾಕುವ ಸ್ಟೈನರ್ ಬೇಡ. ಇದು ಹಾರ್ಡ್‌ವ್ಯಾಕ್ಸ್‌ನಷ್ಟು ಗಟ್ಟಿಯಲ್ಲ. ಪುಸ್ತಕದ ಕಪಾಟು, ಚಿತ್ರದ ಚೌಕಟ್ಟು, ಮಂಚದ ತಲೆಭಾಗಕ್ಕೆ ಧೈರ್ಯವಾಗಿ ಹಚ್ಚಿ. ಊಟದ ಮೇಜಿಗೆ ಬೇಡ.

ಅಜ್ಜ ಕೆಜಿಎಫ್‌ನ ಬಂಗಲೆ ಹರಾಜಿನಲ್ಲಿ ಕೊಂಡ ಮೇಜಿದೆ. ಅದರ ಮೇಲೆ ನೇರವಾಗಿ ಹಚ್ಚಬಹುದೇ?

ಮೊದಲು ಅದು ಓಕೋ ತೇಗವೋ ನೋಡಿ. ಇಂಗ್ಲಿಷರ ಸಾಮಾನು ಎಂದ ಮಾತ್ರಕ್ಕೆ ಓಕ್ ಆಗಿರಬೇಕಿಲ್ಲ, ನಾನು ಕಂಡವುಗಳಲ್ಲಿ ತೇಗವೇ ಹೆಚ್ಚು. ಆಮೇಲೆ ಒಂದು ಹನಿ ನೀರು ಇಟ್ಟು ನೋಡಿ. ಮುತ್ತಿನಂತೆ ನಿಂತರೆ ಹಳೆಯ ಪಾಲಿಶ್ ಇದೆ, ಎಣ್ಣೆ ಇಳಿಯುವುದಿಲ್ಲ. ಮರೆಯ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ತಾಗಿಸಿ ಉಜ್ಜಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಹಾಗಿದ್ದರೆ, ಕೆರೆಯುವ ಮೊದಲು ಎರಡು ಸಲ ಯೋಚಿಸಿ ಎಂದೇ ನನ್ನ ಮಾತು. ಎಪ್ಪತ್ತೆಂಬತ್ತು ವರ್ಷ ಕೈ ಸವರಿ ಬಂದ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಹೊಸ ಅರಗಿನ ಪಾಲಿಶ್ ಮಾಡಿಸಿದರೆ ಸಾಕು.

ಹಲಗೆಗಳನ್ನು ಎರಡು ತಿಂಗಳು ದನದ ಕೊಟ್ಟಿಗೆಯಲ್ಲಿ ಪೇರಿಸಿದ್ದೆವು. ಕೆಲವು ಕಂದಾಗಿವೆ. ಯಾಕೆ?

ಗಂಜಲದಿಂದ ಏಳುವ ಅಮೋನಿಯಾ. ಚೊಗರಿನ ಜೊತೆ ಸೇರಿ ಓಕ್ ಅನ್ನು ಕಂದು ಮಾಡುತ್ತದೆ. ಬೇರೆ ದೇಶಗಳಲ್ಲಿ ಮುಚ್ಚಿದ ಡೇರೆಯಲ್ಲಿ ಅಮೋನಿಯಾ ಇಟ್ಟು ಬೇಕೆಂದೇ ಹೀಗೆ ಬಣ್ಣ ತರಿಸುತ್ತಾರೆ. ಕೊಟ್ಟಿಗೆಯಲ್ಲಿ ಆದದ್ದು ಪೇರಿಸಿದಲ್ಲಿ ಒಂದು, ತೆರೆದಲ್ಲಿ ಒಂದು. ಶಿಡ್ಲಘಟ್ಟದ ಹತ್ತಿರದ ಒಬ್ಬರು ಹೀಗೆ ತಂದಾಗ ಹಲಗೆಗೆ ಒಂದೂವರೆ ಮಿಲಿಮೀಟರ್ ಹತ್ತರಿ ಹಾಕಿದ ಮೇಲೆ ಒಂದೇ ಬಣ್ಣ ಸಿಕ್ಕಿತು. ಓಕ್ ಹಲಗೆಯನ್ನು ಮನೆಯೊಳಗೇ ಇಡಿ.

ಓಕ್ ವೆನೀರ್ ಹಾಕಿದ ಬೀರುವಿಗೆ?

ಹಚ್ಚಬಹುದು. ವೆನೀರ್ ಅಂದರೆ ಪ್ಲೈವುಡ್ ಮೇಲೆ ಅಂಟಿಸಿದ ತೆಳು ಮರದ ಹಾಳೆ, ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. 150ರಲ್ಲಿ ಕೈಯಿಂದ ಹಗುರವಾಗಿ ಉಜ್ಜಿ, ಅಂಚುಗಳಲ್ಲಿ ಮೆಷಿನ್ ಬೇಡವೇ ಬೇಡ. ಒಮ್ಮೆ ಕೆಳಗಿನ ಪ್ಲೈವುಡ್ ಕಂಡರೆ ಅದನ್ನು ಮುಚ್ಚುವ ಎಣ್ಣೆ ಇಲ್ಲ. ಮೊದಲೇ ಪಾಲಿಶ್ ಆಗಿ ಬಂದ ವೆನೀರ್ ಮತ್ತು ಓಕ್ ಚಿತ್ರದ ಸನ್‌ಮೈಕಾಗೆ ಎಣ್ಣೆ ಹಿಡಿಯುವುದಿಲ್ಲ.

ಊಟದ ಮೇಜಿಗೆ ಸುರಕ್ಷಿತವೇ? ಮಗು ಕಚ್ಚುತ್ತದೆ.

ಪೂರ್ತಿ ಗಟ್ಟಿಯಾದ ಮೇಲೆ, ಅಂದರೆ ಮೂರು ವಾರ ಬಿಟ್ಟು. ಮಕ್ಕಳ ತೊಟ್ಟಿಲು, ಆಟಿಕೆಗೆ ತರುವಾಗ ಡಬ್ಬಿಯ ಮೇಲೆ ಇಎನ್ 71-3 ಎಂದು ಇದೆಯೇ ನೋಡಿ, ಅದು ಯುರೋಪಿನ ಆಟಿಕೆ ಸುರಕ್ಷತೆಯ ಮಾನದಂಡ. ಮನೆಯಲ್ಲಿ ಬೆರೆಸಿದ್ದನ್ನು ಮಗುವಿನ ಬಾಯಿಗೆ ಸಿಗುವ ಸಾಮಾನಿಗೆ ಹಚ್ಚಬೇಡಿ.

ಅರಿಶಿನದ ಕಲೆ ಬಿತ್ತು. ಉಜ್ಜಿದರೆ ಹೋಗುತ್ತಿಲ್ಲ.

ಉಜ್ಜಬೇಡಿ, ಬಿಸಿಲಿಗೆ ಇಡಿ. ಅರಿಶಿನದ ಹಳದಿ ಬೆಳಕಿಗೆ ನಿಲ್ಲುವುದಿಲ್ಲ, ಕೆಲವು ದಿನ ಕಿಟಕಿಯ ಬಿಸಿಲು ಬಿದ್ದರೆ ಮಾಸುತ್ತದೆ. ಕಲೆ ಬಿದ್ದ ಜಾಗಕ್ಕೆ ಮಾತ್ರ ಬಿಸಿಲು ಬೀಳುವಂತೆ ಇಟ್ಟರೆ ಓಕ್‌ನ ಬಣ್ಣವೂ ಅಲ್ಲಷ್ಟೇ ಬದಲಾದೀತು, ಮೇಜನ್ನು ಪೂರ್ತಿ ಸರಿಸಿ.

ಒರೆಸುವುದು ಯಾವುದರಿಂದ? ಮತ್ತೆ ಎಣ್ಣೆ ಯಾವಾಗ?

ಹಿಂಡಿದ ಒದ್ದೆ ಬಟ್ಟೆ, ತಕ್ಷಣ ಒಣ ಬಟ್ಟೆ. ಫಿನೈಲ್, ಪಾತ್ರೆ ತೊಳೆಯುವ ಸೋಪು, ನಿಂಬೆಹಣ್ಣು ಬೇಡ. ಒದ್ದೆಯಾದ ಕಬ್ಬಿಣದ ಬಾಣಲೆ, ತವಾ ನೇರವಾಗಿ ಇಟ್ಟರೆ ಬೆಳಿಗ್ಗೆಗೆ ಕಪ್ಪು ಉಂಗುರ. ಬಿಸಿ ಮುದ್ದೆಯ ತಟ್ಟೆಯ ಕೆಳಗೆ ಒಂದು ಮಣೆಯೋ ಚಾಪೆಯೋ ಇರಲಿ.

ನೀರಿನ ಹನಿ ನಿಲ್ಲದೆ ಮರಕ್ಕೆ ಇಳಿಯತೊಡಗಿದರೆ ಎಣ್ಣೆಯ ಸಮಯ ಬಂತು. ದಿನಾ ಬಳಸುವ ಮೇಜಿಗೆ ವರ್ಷಕ್ಕೊಮ್ಮೆ, ಬೀರುವಿಗೆ ಎಷ್ಟೋ ವರ್ಷಕ್ಕೊಮ್ಮೆ. ಗೀರು ಬಿದ್ದರೆ ಆ ಜಾಗವನ್ನಷ್ಟೇ 150ರಲ್ಲಿ ಉಜ್ಜಿ ಅದೇ ಎಣ್ಣೆ ಹಚ್ಚಿ ಒರೆಸಿ, ಸುತ್ತಲಿನ ಬಣ್ಣಕ್ಕೆ ಸೇರಿಕೊಳ್ಳುತ್ತದೆ. ಪಿಯು ಮೇಜಿಗೆ ಗೀರು ಬಿದ್ದರೆ ಹೀಗೆ ತೇಪೆ ಹಾಕಲು ಬರುವುದಿಲ್ಲ. ನಾನು ಎಣ್ಣೆಯ ಪರವಾಗಿ ಇಷ್ಟು ಮಾತಾಡುವುದಕ್ಕೆ ದೊಡ್ಡ ಕಾರಣ ಇದೇ.

ಮೂರು ದಿನವಾದರೂ ಅಂಟುತ್ತಿದೆ. ಏನು ಮಾಡಲಿ?

ಒರೆಸಿದ್ದು ಸಾಲದು. ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಅಥವಾ ಅದೇ ಎಣ್ಣೆ ತೆಗೆದುಕೊಂಡು ಬಿಳಿ ಪ್ಯಾಡ್‌ನಿಂದ ತಿಕ್ಕಿದರೆ ಅಂಟು ಮೆದುವಾಗುತ್ತದೆ, ಕೂಡಲೇ ಒಣ ಬಟ್ಟೆಯಿಂದ ಪೂರ್ತಿ ತೆಗೆಯಿರಿ. ಹದಿನೈದು ದಿನ ಬಿಟ್ಟು ನೋಡಿದರೆ ಈ ಉಪಾಯ ನಡೆಯದು, ಉಜ್ಜಿ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಡಬ್ಬಿಯಲ್ಲಿ ಅರ್ಧ ಉಳಿದಿದೆ. ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಿ, ಮುಂದೆ ಗೀರು ಬಿದ್ದಾಗ ಅದೇ ಬಣ್ಣ ಬೇಕಾಗುತ್ತದೆ. ಡಬ್ಬಿಯೊಳಗೆ ಗಾಳಿ ಇದ್ದಷ್ಟೂ ಮೇಲೆ ಕೆನೆ ಕಟ್ಟುತ್ತದೆ. ಚಿಕ್ಕ ಗಾಜಿನ ಬಾಟಲಿಗೆ ಕಂಠದ ತನಕ ತುಂಬಿಸಿ. ಚಿಕ್ಕ ಬಾಟಲಿ ಇಲ್ಲದಿದ್ದರೆ ತೊಳೆದು ಒಣಗಿಸಿದ ಗೋಲಿಗಳನ್ನು ಒಂದೊಂದಾಗಿ ಹಾಕಿ ಎಣ್ಣೆಯನ್ನು ಬಾಯಿವರೆಗೆ ಏರಿಸಿ ಮುಚ್ಚಿ. ಬಣ್ಣದ ನಂಬರು, ಯಾವ ಮೇಜಿಗೆ ಹಚ್ಚಿದ್ದು, ಎಷ್ಟನೇ ನಂಬರಿನ ಸ್ಯಾಂಡ್ ಪೇಪರಿಗೆ ನಿಲ್ಲಿಸಿದ್ದು ಎಂದು ಚೀಟಿ ಬರೆದು ಅಂಟಿಸಿ, ಒಲೆಯಿಂದ ದೂರ, ಮಕ್ಕಳ ಕೈಗೆ ಎಟುಕದಲ್ಲಿ ಇಡಿ.